ದೋಷ ಯಂತ್ರದ್ದೋ, ತಂತಿಯದೋ?

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವನ್ನು ಈ ತಿಂಗಳು ವಾಚಕ ಬಂಧುಗಳ ಮುಂದಿಡಬೇಕೆಂದಿದ್ದೇನೆ. ಮಠದ ಪಾಠಶಾಲೆಯಲ್ಲಿ ತರ್ಕ ವ್ಯಾಕರಣಗಳನ್ನು ಓದಿ ಬಂದವನಿಗೆ ಗಣಕಯಂತ್ರದ ತಂತಿಗಳ ಗೊಡವೆ ಏಕೆಂದು ಕೆಲವರಾದರೂ ಕೇಳಿಯಾರು. ಗೊಡವೆ ತಾನಾಗಿಯೇ ಮನೆಯೊಳಕ್ಕೆ ಬಂದಿದೆ. ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ದೂರದೇಶದಲ್ಲಿರುವ ಮಗಳ ಮುಖದರ್ಶನ, ಇವೆಲ್ಲವೂ ಇಂದು ಗೋಡೆಯಂಚಿನಲ್ಲಿ ಹಾಯ್ದುಹೋಗುವ ಒಂದು ತಂತಿಯನ್ನು ನೆಚ್ಚಿಕೊಂಡಿವೆ.

ನಮ್ಮ ಪಡಸಾಲೆಯ ಗೂಡಿನಲ್ಲಿ ರೌಟರ್ ಇದೆ. ಅಲ್ಲಿಂದ ಒಂದು ಎಥರ್ನೆಟ್ ಕೇಬಲ್ಲು ಒಳಕೋಣೆಯ ಬಾಗಿಲನ್ನು ದಾಟಿ ಮೊಮ್ಮಗನ ಗಣಕಯಂತ್ರಕ್ಕೆ ಹೋಗುತ್ತದೆ. ಹುಡುಗ ಪಿಯುಸಿ ಎರಡನೆಯ ವರ್ಷದವನು. ಸಂಜೆ ಬಾಗಿಲು ಮುಚ್ಚಿಕೊಂಡು ಪಾಠಕ್ಕೆ ಕುಳಿತನೆಂದರೆ ಸಂಪರ್ಕ ಕಡಿಯುತ್ತಿತ್ತು. ಎದ್ದು ಬಂದು ನನ್ನನ್ನು ಕರೆದೊಯ್ದು ತೋರಿಸುವಷ್ಟರಲ್ಲಿ ಎಲ್ಲವೂ ಸರಿಯಾಗಿರುತ್ತಿತ್ತು. ಹೀಗೆ ಎಂಟು ಹತ್ತು ದಿನ ನಡೆಯಿತು. ದುರಸ್ತಿಯವರನ್ನು ಕರೆಸಿದೆವು. ಅವರು ಅರ್ಧ ಗಂಟೆ ಕುಳಿತು ನೋಡಿದರು, ಏನೂ ಕೆಡಲಿಲ್ಲ. ರೌಟರ್ ಹಳೆಯದಾಗಿದೆ ಎಂದರು, ಹೊಸದನ್ನು ತಂದೆವು. ಮರುದಿನ ಸಂಜೆ ಯಥಾಪ್ರಕಾರ. ಗಣಕಯಂತ್ರದೊಳಗಿನ ನೆಟ್‌ವರ್ಕ್ ಕಾರ್ಡ್ ಹೋಗಿರಬೇಕೆಂದರು, ಅದನ್ನೂ ಹಾಕಿಸಿದೆವು. ಅದರ ಮುಂದಿನ ವಾರ ಹುಡುಗನ ಮಾದರಿ ಪರೀಕ್ಷೆ ನಡುವಿನಲ್ಲೇ ನಿಂತುಹೋಯಿತು. ಆಗ ನನ್ನ ಬಾಯಿಂದ ಒಂದು ಮಾತು ಬಂದಿತು: "ಪಾಠ ಬ್ಯಾಡಾದವನಿಗೆ ತಂತೀನ ನೆಪ." ಹುಡುಗ ಎದುರು ಮಾತನಾಡಲಿಲ್ಲ. ಆ ರಾತ್ರಿ ಊಟಕ್ಕೂ ಬರಲಿಲ್ಲ.

ತರ್ಕಸಂಗ್ರಹವನ್ನು ಓದಿದವರಿಗೆಲ್ಲ ಅನ್ವಯ, ವ್ಯತಿರೇಕ ಎಂಬ ಮಾತುಗಳು ಪರಿಚಿತ. ಹೊಗೆಯಿರುವಲ್ಲಿ ಬೆಂಕಿಯಿರುತ್ತದೆ ಎಂಬುದಕ್ಕೆ ಅಡುಗೆಮನೆ ದೃಷ್ಟಾಂತ. ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ ಎಂಬುದಕ್ಕೆ ಮಡು ದೃಷ್ಟಾಂತ. ಇದನ್ನು ಎಷ್ಟೋ ವರ್ಷ ಪಾಠ ಹೇಳಿದ ನಾನು ನನ್ನ ಮನೆಯ ದೋಷವನ್ನು ಹುಡುಕುವಾಗ ಮರೆತೇಬಿಟ್ಟಿದ್ದೆ. ಹುಡುಗನ ಗಣಕಯಂತ್ರಕ್ಕೆ ಸಂಪರ್ಕ ಕಡಿದ ಹೊತ್ತಿನಲ್ಲಿಯೇ ಪಡಸಾಲೆಯಲ್ಲಿ ಸೊಸೆಯ ಮೊಬೈಲಿಗೆ ವೈ-ಫೈ ಚೆನ್ನಾಗಿ ಬರುತ್ತಿತ್ತು. ದೋಷ ರೌಟರಿನದಾಗಿದ್ದರೆ ಅದೂ ನಿಲ್ಲಬೇಕಿತ್ತಲ್ಲವೆ? ಈ ಒಂದು ಪ್ರಶ್ನೆಯನ್ನು ಯಾರೂ ಕೇಳದೆ ಹೋದುದರಿಂದ ಎರಡೂವರೆ ಸಾವಿರ ರೂಪಾಯಿಯ ಹೊಸ ರೌಟರು ಮನೆಗೆ ಬಂದಿತು.

ಇಂಥ ವಿಚಾರ ಹಿಂದೆ ಇಷ್ಟು ಸುಲಭವಾಗಿರಲಿಲ್ಲ. ಎಥರ್ನೆಟ್ಟಿನ ಕಲ್ಪನೆಯನ್ನು ಅಮೆರಿಕದ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ಬರೆದಿಟ್ಟರು. ಮೊದಮೊದಲು ಒಂದೇ ದಪ್ಪ ತಂತಿ ಎಲ್ಲ ಯಂತ್ರಗಳನ್ನೂ ಹಾಯ್ದು ಹೋಗುತ್ತಿತ್ತು. ಅದರಲ್ಲಿ ಎಲ್ಲಿಯೋ ಒಂದು ಜೋಡಣೆ ಸಡಿಲವಾದರೆ ಇಡೀ ಕಚೇರಿಯ ಜಾಲವೇ ನಿಲ್ಲುತ್ತಿತ್ತು. ಈಗ ಪ್ರತಿ ಯಂತ್ರಕ್ಕೂ ರೌಟರಿನಿಂದ ಅಥವಾ ಸ್ವಿಚ್ಚಿನಿಂದ ಬೇರೆ ಬೇರೆ ತಂತಿ. ಆದುದರಿಂದ ಒಂದು ಯಂತ್ರ ಮಾತ್ರ ನಿಂತರೆ ಆ ಯಂತ್ರವನ್ನೂ ಅದರ ತಂತಿಯನ್ನೂ ಅದು ಸೇರುವ ಪೋರ್ಟನ್ನೂ ಶಂಕಿಸಬೇಕು. ಎಲ್ಲವೂ ನಿಂತರೆ ರೌಟರನ್ನೂ ಹೊರಗಿನಿಂದ ಬರುವ ಮಾರ್ಗವನ್ನೂ ನೋಡಬೇಕು.

ಎಲ್ಲವೂ ನಿಂತಾಗ ಮೊದಲು ನೋಡತಕ್ಕದ್ದು ವಿದ್ಯುತ್ತು. ಸಾಮಾನ್ಯವಾಗಿ ರೌಟರಿಗಿಂತ ಮುಂಚೆ ಅದರ ಅಡಾಪ್ಟರು ಸೋಲುತ್ತದೆ. ಸೋತ ಅಡಾಪ್ಟರು ದೀಪಗಳನ್ನು ಉರಿಸುತ್ತದೆ, ಆದರೆ ಕೆಲಸ ಹೆಚ್ಚಾದೊಡನೆ ರೌಟರು ತಾನೇ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಬೇರೆ ಅಡಾಪ್ಟರು ತರುವವರು ಹಳೆಯದರ ಮೇಲೆ ಬರೆದಿರುವ ವೋಲ್ಟು ಅಷ್ಟೇ ಇರುವುದನ್ನು ಆರಿಸಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿದ್ದರೆ ಬಾಧಕವಿಲ್ಲ, ಕಡಿಮೆಯಿರಕೂಡದು. ಫೈಬರ್ ಸಂಪರ್ಕದವರ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂಬ ಕೆಂಪು ದೀಪ ಹತ್ತಿದರೆ ಹೊರಗಿನಿಂದ ಬೆಳಕು ಬರುತ್ತಿಲ್ಲವೆಂದು ಅರ್ಥ. ಆ ತೆಳುತಂತಿ ಎಲ್ಲಿಯಾದರೂ ಚೂಪಾಗಿ ಮಡಚಿಕೊಂಡಿದೆಯೇ ಎಂದು ನೋಡುವುದಷ್ಟೇ ನಮ್ಮ ಕೆಲಸ, ಮಿಕ್ಕುದು ಕಂಪನಿಯವರದು. ಅದನ್ನು ಬಿಚ್ಚಿ ತುದಿಯನ್ನು ಕಣ್ಣಿಗೆ ಹಿಡಿಯಲೇಬಾರದು. ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣದು, ಕಣ್ಣನ್ನು ಕೆಡಿಸಬಲ್ಲದು.

ಒಂದೇ ಯಂತ್ರ ನಿಂತಾಗ ಮಾಡಬೇಕಾದುದನ್ನು ಕೊಂಚ ವಿಸ್ತಾರವಾಗಿ ಹೇಳುತ್ತೇನೆ. ಪಿಂಗ್ ಎಂಬ ಒಂದು ಆಜ್ಞೆಯಿದೆ. ಮೈಕ್ ಮೂಸ್ ಎಂಬವರು ಅದನ್ನು 1983ರ ಡಿಸೆಂಬರಿನಲ್ಲಿ ಬರೆದರು. ಜಲಾಂತರ್ಗಾಮಿಗಳು ಶಬ್ದವನ್ನು ಕಳುಹಿಸಿ ಅದರ ಮರುದನಿಯನ್ನು ಆಲಿಸುವ ಕ್ರಮದಿಂದ ಆ ಹೆಸರು ಬಂದಿದೆ. ಮೊದಲು 127.0.0.1ಕ್ಕೆ ಪಿಂಗ್ ಮಾಡಬೇಕು. ಈ ಕರೆ ಯಂತ್ರವನ್ನು ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಒಳಗಿನ ತಂತ್ರಾಂಶ ನೆಟ್ಟಗಿದೆಯೆಂದು ಮಾತ್ರ ತಿಳಿಸುತ್ತದೆ. ಬಳಿಕ ರೌಟರಿನ ವಿಳಾಸಕ್ಕೆ, ಅದು ಬಹುಮಟ್ಟಿಗೆ 192.168.1.1 ಅಥವಾ 192.168.0.1 ಆಗಿರುತ್ತದೆ. ಕೊನೆಗೆ ಹೊರಜಗತ್ತಿನ ಯಾವುದಾದರೊಂದು ವಿಳಾಸಕ್ಕೆ, 8.8.8.8 ನೆನಪಿಡಲು ಸುಲಭ. ಉತ್ತರ ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿತೋ ಆ ಎರಡರ ನಡುವೆ ದೋಷವಿದೆ. ಗಣಕಯಂತ್ರದ ವಿಳಾಸ 169.254ರಿಂದ ಆರಂಭವಾಗುತ್ತಿದ್ದರೆ, ರೌಟರಿನಿಂದ ವಿಳಾಸ ದೊರೆಯದೆ ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ಅನಂತರ ಬದಲಿಸಿ ನೋಡುವುದು: ಸರಿಯಾಗಿರುವ ಬೇರೊಂದು ತಂತಿ, ರೌಟರಿನ ಬೇರೊಂದು ಪೋರ್ಟು, ಅದೇ ತಂತಿಗೆ ಬೇರೊಂದು ಯಂತ್ರ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಎರಡನ್ನು ಕೂಡಿಯೇ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂಬುದು ತಿಳಿಯದೆ ಉಳಿಯುತ್ತದೆ.

ತಂತಿ ಪೂರ್ತಿ ಸಾಯದೆ ಅರೆಜೀವವಾಗಿರುವುದೂ ಉಂಟು. ಎಥರ್ನೆಟ್ ಕೇಬಲ್ಲಿನ ಒಳಗೆ 8 ಸಣ್ಣ ತಂತಿಗಳು, 4 ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. ಸೆಕೆಂಡಿಗೆ 1000 ಮೆಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. 100ಕ್ಕೆ ಎರಡೇ ಸಾಕು. ಆದ್ದರಿಂದ ಒಂದೆಳೆ ತುಂಡಾದಾಗ ಅನೇಕ ಯಂತ್ರಗಳು ನಿಲ್ಲದೆ 100ಕ್ಕೆ ಇಳಿದು ಕುಂಟುತ್ತ ಸಾಗುತ್ತವೆ. ನಮ್ಮ ಯಂತ್ರವೂ ಒಂದು ತಿಂಗಳಿನಿಂದ 100 ಎಂದೇ ತೋರಿಸುತ್ತಿತ್ತಂತೆ. ನೋಡಿದವರಾರು?

ಕೆಲವು ದೋಷಗಳು ಜಾಲದ್ದೆಂಬಂತೆ ಕಂಡರೂ ಜಾಲದ್ದಲ್ಲ. ನೆರೆಮನೆಯ ಹಿರಿಯರೊಬ್ಬರ ಹಳೆಯ ಗಣಕಯಂತ್ರದಲ್ಲಿ ಬ್ಯಾಂಕಿನ ಪುಟ ತೆರೆಯದೆ, ಭದ್ರತೆಯಿಲ್ಲವೆಂಬ ಎಚ್ಚರಿಕೆ ಬರುತ್ತಿತ್ತು. ಅವರು ಸಂಪರ್ಕ ಕೊಟ್ಟವರನ್ನು ಬೈಯುತ್ತಿದ್ದರು. ಯಂತ್ರದ ಗಡಿಯಾರ ನೋಡಿದರೆ ಹತ್ತಾರು ವರ್ಷ ಹಿಂದಿನ ದಿನಾಂಕ! ಮದರ್‌ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟಿನ ಒಂದು ಬ್ಯಾಟರಿಯಿರುತ್ತದೆ, ಸಿಆರ್2032 ಎಂದು ಅದರ ಹೆಸರು. ಅದು ಬರಿದಾದರೆ ಯಂತ್ರಕ್ಕೆ ಕಾಲಜ್ಞಾನ ತಪ್ಪುತ್ತದೆ; ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಅವಧಿಯಿರುವುದರಿಂದ ದಿನಾಂಕ ಹೊಂದದಿದ್ದರೆ ಬಾಗಿಲು ತೆರೆಯುವುದಿಲ್ಲ. ಗಡಿಯಾರದ ಅಂಗಡಿಯಲ್ಲಿಯೂ ಸಿಗುವ ಆ ಬಿಲ್ಲೆಯಿಂದ ಅವರ ಸಿಟ್ಟು ಇಳಿಯಿತು. ಗುಡುಗು ಮಿಂಚಿನ ಮಾತು ಬೇರೆ. ಫೈಬರಿನ ಗಾಜಿನೆಳೆ ವಿದ್ಯುತ್ತನ್ನು ಒಯ್ಯದಿದ್ದರೂ ಅಡಾಪ್ಟರಿನ ದಾರಿ ತೆರೆದೇ ಇರುತ್ತದೆ. ಮೋಡ ಕವಿಯುತ್ತಲೇ ಅದನ್ನು ಕಿತ್ತಿಡುವುದು ಒಳ್ಳೆಯದು.

ಪ್ರಕೃತಕ್ಕೆ ಬರೋಣ. ಬೈಸಿಕೊಂಡ ಮರುದಿನ ಹುಡುಗ ತಾನೇ ಶೋಧನೆಗೆ ತೊಡಗಿದನು. ಯಂತ್ರವನ್ನು ಹೊತ್ತು ತಂದು ಪಡಸಾಲೆಯಲ್ಲಿಟ್ಟು ಗಿಡ್ಡ ತಂತಿಯಿಂದ ರೌಟರಿಗೆ ಜೋಡಿಸಿದನು, ಸಂಜೆಯವರೆಗೂ ಕಡಿಯಲಿಲ್ಲ. ಅಲ್ಲಿಗೆ ಯಂತ್ರವೂ ರೌಟರೂ ನಿರ್ದೋಷಿಗಳಾದವು. ಮತ್ತೆ ಕೋಣೆಗೊಯ್ದು ಹಳೆಯ ತಂತಿಗೆ ಜೋಡಿಸಿ, ಯಂತ್ರದ ಹಿಂಬದಿಯ ಪೋರ್ಟಿನಲ್ಲಿ ಮಿನುಗುವ ಹಸಿರು ದೀಪವನ್ನೇ ನೋಡುತ್ತ ನೆಲದ ಮೇಲೆ ಕುಳಿತನು. ಅಡುಗೆಮನೆಯ ಸದ್ದು ಬರುತ್ತಿದೆಯೆಂದು ಅವನ ತಂಗಿ ಬಾಗಿಲನ್ನೆಳೆದಳು.

"ಅಜ್ಜಾರ, ಬರ್ರಿ ಇಲ್ಲೆ! ಬಾಗಲಾ ಹಾಕ್ದ ಕೂಡ್ಲೆ ದೀಪ ಆರತದ ನೋಡ್ರಿ."

ಹೋಗಿ ನೋಡಿದೆ. ತೆರೆದರೆ ದೀಪ ಹತ್ತುತ್ತದೆ, ಮುಚ್ಚಿದರೆ ಆರುತ್ತದೆ. ನಾಲ್ಕಾರು ಬಾರಿ ನಾನೇ ತೆರೆದು ಮುಚ್ಚಿದೆ. ನಮ್ಮದು ಹಳೆಯ ಕಾಲದ ಸಾಗವಾನಿ ಬಾಗಿಲು. ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ತಂತಿಗೆ ಇಂಬಿದ್ದ ಸಂದಿ ಆಷಾಢದಲ್ಲಿ ಇಕ್ಕಳವಾಗಿತ್ತು. ಹೊರಕವಚ ಹರಿದಿರಲಿಲ್ಲ, ಒಳಗಿನ ಎಳೆಗಳು ಮುರಿದಿದ್ದವು. ಬಾಗಿಲು ತೆರೆದೊಡನೆ ಮುರಿದ ತುದಿಗಳು ಒಂದನ್ನೊಂದು ಮುಟ್ಟುತ್ತಿದ್ದವು. ಹುಡುಗ ನನ್ನನ್ನು ಕರೆಯಲು ಬಾಗಿಲು ತೆರೆದೇ ಬರಬೇಕಲ್ಲ! ದುರಸ್ತಿಯವರು ಕುಳಿತಾಗಲೂ ಬಾಗಿಲು ಹಾರುಹೊಡೆದಿತ್ತು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆ ಸಂಜೆಯೇ ಪೇಟೆಗೆ ಇಬ್ಬರೂ ಹೋಗಿ 15 ಮೀಟರಿನ ಹೊಸ ತಂತಿಯನ್ನು ತಂದು, ಬಾಗಿಲಿನ ಗೊಡವೆಯೇ ಬೇಡವೆಂದು ಗೋಡೆಯ ಮೇಲ್ಗಡೆ ರಂಧ್ರ ಕೊರೆಯಿಸಿ ಎಳೆಸಿದೆವು. ದಾರಿಯಲ್ಲಿ ನಾನು ಆಡಬೇಕಾದ ಮಾತನ್ನು ಆಡಿದೆ. "ಇರ್ಲಿ ಬಿಡ್ರಿ ಅಜ್ಜಾರ" ಎಂದನು, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಿದ್ದನು.

ನಿರ್ದೋಷಿಯಾದ ಹಳೆಯ ರೌಟರನ್ನು ಅವನೇ ಅಟ್ಟದ ಕೋಣೆಯಲ್ಲಿ ಆ್ಯಕ್ಸೆಸ್ ಪಾಯಿಂಟಾಗಿ ಕೂಡಿಸಿದ್ದಾನೆ. ಹಾಗೆ ಮಾಡುವವರು ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಿ ಅದಕ್ಕೆ ಬೇರೆ ವಿಳಾಸ ಕೊಡಬೇಕಂತೆ; ಇಲ್ಲವಾದರೆ ಎರಡು ರೌಟರುಗಳೂ ಮನೆಯ ಯಂತ್ರಗಳಿಗೆ ವಿಳಾಸ ಹಂಚತೊಡಗಿ ಹೊಸ ಗೊಂದಲ ಹುಟ್ಟುತ್ತದೆ. ಇದನ್ನು ನನಗೆ ಹೇಳಿಕೊಟ್ಟವನೂ ಅವನೇ.