ಬ್ಯಾಡಗಿ ಅನ್ನೋ ಹೆಸರಿರುವಾಗ ಹೊಸ ಬ್ರಾಂಡ್ ಯಾಕೆ?

ಮೆಣಸಿನಕಾಯಿ ಇನ್ನೂ ಕಣದಲ್ಲಿ ಒಣಗ್ತಿರುತ್ತೆ, ಅಷ್ಟರಲ್ಲೇ ವಾಟ್ಸಾಪ್ ಗ್ರೂಪಿನಲ್ಲಿ ಪ್ರಶ್ನೆ: 'ಲೋಗೊ ಕಡಿಮೆ ರೇಟಿಗೆ ಯಾರು ಮಾಡಿಕೊಡ್ತಾರೆ?' ಹಾವೇರಿ, ಧಾರವಾಡ, ಗದಗ ಭಾಗದ ನಮ್ಮ ಹುಡುಗರು ಆನ್‌ಲೈನ್ ಮಾರಾಟಕ್ಕೆ ಇಳಿಯೋದು ಖುಷಿಯ ವಿಷಯವೇ. ಆದರೆ ಶುರುವಿಗೇ ಸ್ವಂತ ಬ್ರಾಂಡ್ ಕಟ್ಟೋಕೆ ದುಡ್ಡು ಸುರಿಯೋದು ನನಗೆ ಸರಿ ಕಾಣಲ್ಲ.

ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಫೋನಲ್ಲಿ ಹುಡುಕೋರು ಟೈಪ್ ಮಾಡೋದು 'ಬ್ಯಾಡಗಿ ಮೆಣಸಿನಕಾಯಿ' ಅಂತ. ನಿಮ್ಮ ಹೊಸ ಹೆಸರು ಅವರಿಗೆ ಗೊತ್ತೇ ಇಲ್ಲ. ಗೊತ್ತಾಗಬೇಕು ಅಂದ್ರೆ ಜಾಹೀರಾತಿಗೆ ಖರ್ಚು ಮಾಡಬೇಕು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹಾಲು, ತರಕಾರಿಯಾದ್ರೆ ಗಿರಾಕಿ ವಾರದೊಳಗೆ ಮತ್ತೆ ಬರ್ತಾರೆ. ಮೆಣಸಿನಕಾಯಿಯನ್ನು ಬಹಳ ಮನೆಗಳಲ್ಲಿ ಬೇಸಿಗೆಯಲ್ಲಿ ಒಮ್ಮೆ ತಗೊಂಡು ವರ್ಷಕ್ಕಾಗುವಷ್ಟು ಖಾರಪುಡಿ ಮಾಡಿಸಿಡ್ತಾರೆ. ಅಂದ್ರೆ ಅವರ ಎರಡನೇ ಆರ್ಡರ್ ಬರೋದು ಮುಂದಿನ ವರ್ಷ. ಅಲ್ಲಿವರೆಗೆ ಹೊಸ ಹೆಸರೊಂದನ್ನು ಜನರ ನೆನಪಿನಲ್ಲಿಡೋ ಶಕ್ತಿ ಎರಡು ಎಕರೆಯವರಿಗೆ ಎಲ್ಲಿಂದ ಬರಬೇಕು?

ಬ್ಯಾಡಗಿ ಹೆಸರಿಗೆ ಈ ಕಷ್ಟ ಇಲ್ಲ. 2011ರಲ್ಲೇ ಅದಕ್ಕೆ ಜಿಐ, ಅಂದ್ರೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಆ ಪ್ರದೇಶದಲ್ಲಿ ಬೆಳೆಯೋ ರೈತರು ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ಹೆಸರು ಬರೆಸಬಹುದು. 500 ರೂಪಾಯಿ ಇದ್ದ ಅರ್ಜಿ ಶುಲ್ಕವನ್ನು 2020ರಲ್ಲಿ 10 ರೂಪಾಯಿಗೆ ಇಳಿಸಿದ್ದಾರೆ. ಒಂದು ಚಹಾದ ದುಡ್ಡು!

'ಬ್ಯಾಡಗಿ ಅಂತ ಎಲ್ಲರೂ ಬರ್ಕೋತಾರಲ್ರೀ, ನಮ್ಮದು ಬೇರೆ ಅಂತ ಹೇಗೆ ಗೊತ್ತಾಗಬೇಕು?' ಅನ್ನೋ ಮಾತು ನ್ಯಾಯವಾದದ್ದೇ. ಬ್ಯಾಡಗಿ ಮಾರುಕಟ್ಟೆಗೇ ಆಂಧ್ರದ ಕಾಯಿ ಬರುತ್ತೆ, ಹೈಬ್ರಿಡ್ ಕಾಯಿಯೂ ಅದೇ ಹೆಸರಲ್ಲಿ ಹೋಗುತ್ತೆ. ಆದರೆ ಇದಕ್ಕೆ ಉತ್ತರ ಬಣ್ಣದ ಪ್ಯಾಕೆಟ್ ಅಲ್ಲ, ಮಾಹಿತಿ. ಡಬ್ಬಿಯೋ ಕಡ್ಡಿಯೋ, ಯಾವ ಬೀಜ, ಯಾವ ಊರು, ಯಾವಾಗ ಬಿಡಿಸಿದ್ದು, ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ರಾ, ಇಷ್ಟನ್ನು ಬರೀರಿ. ಸುಕ್ಕುಗಟ್ಟಿದ ಸಿಪ್ಪೆ ಕಾಣೋ ಹಾಗೆ ಹಗಲು ಬೆಳಕಲ್ಲಿ ತೆಗೆದ ಫೋಟೊ ಹಾಕ್ರಿ, ಫಿಲ್ಟರ್ ಬೇಡ. ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಮೊದಲೇ ಹೇಳಿಬಿಡ್ರಿ. ಇಲ್ಲಾಂದ್ರೆ ಗುಂಟೂರಿನ ಖಾರ ನಿರೀಕ್ಷಿಸಿದವರು ಒಂದು ಸ್ಟಾರ್ ಕೊಟ್ಟು ಹೋಗ್ತಾರೆ. ನಾನು ಕಳಿಸೋ ಚೀಲದ ಮೇಲೂ 'ಬ್ಯಾಡಗಿ ಡಬ್ಬಿ' ಅಂತ ದೊಡ್ಡದಾಗಿ, ಕೆಳಗೆ ನನ್ನ ಹೆಸರು, ಊರು, ಫೋನ್ ನಂಬರ್ ಸಣ್ಣದಾಗಿ ಇರುತ್ತೆ. (ಪುಡಿ ಮಾಡಿ ಮಾರೋದಾದ್ರೆ ಎಫ್‌ಎಸ್‌ಎಸ್‌ಎಐ ನೋಂದಣಿ ತಪ್ಪಿಸೋ ಹಾಗಿಲ್ಲ.)

ಹಾಗಂತ ಸ್ವಂತ ಬ್ರಾಂಡ್ ಬೇಡವೇ ಬೇಡ ಅಂತಲ್ಲ. ಹೆಸರೇ ಇಲ್ಲದ ಬೆಳೆಯಾದ್ರೆ ಬೇರೆ ದಾರಿಯಿಲ್ಲ. ಬ್ಯಾಡಗಿ ಬೆಳೆಯೋರು ಮಾತ್ರ ಎರಡು ಹಂಗಾಮು ಕಾಯ್ರಿ. 'ಹೋದ ವರ್ಷ ಕೊಟ್ಟಿದ್ರಲ್ಲ, ಅದನ್ನೇ ಕಳಿಸ್ರಿ' ಅಂತ ಗಿರಾಕಿಗಳು ತಾವಾಗಿ ಫೋನ್ ಮಾಡೋಕೆ ಶುರು ಮಾಡಿದ್ರೆ, ಆಗ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕ್ರಿ. ಆನ್‌ಲೈನಲ್ಲಿ ವೈಯಕ್ತಿಕ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ಮಸಾಲೆ ಪದಾರ್ಥಗಳು ಬರೋದು 30ನೇ ವರ್ಗದಲ್ಲಿ.