ಬಿದಿರ ದಬ್ಬೆಯ ಬಲದಲ್ಲಿ ಓಡುವ ಪುಟ್ಟ ಕಾರು

ಬೇಸಿಗೆಯ ರಜೆಯಲ್ಲಿ ಅಮೃತೂರಿನ ನಮ್ಮ ಮನೆಗೆ ಬಂದಿದ್ದ ಮೊಮ್ಮಗನಿಗೆ, ಜಾತ್ರೆಯಲ್ಲಿ ಕೀ ಕೊಟ್ಟರೆ ಓಡುವ ಕಾರೊಂದನ್ನು ಕೊಡಿಸಿದ್ದೆವು. ಮೂರನೆಯ ದಿನಕ್ಕೆ ಅದು ನಿಂತುಹೋಯಿತು. ಹುಡುಗ ಅಳಲಿಲ್ಲ. ಅದನ್ನು ನಮ್ಮ ಮುಂದೆ ಹಿಡಿದು, “ತಾತ, ಇದರ ಹೊಟ್ಟೆಯೊಳಗೆ ಏನಿದೆ?” ಎಂದು ಕೇಳಿದ. ಬಿಚ್ಚಿ ತೋರಿಸೋಣವೆಂದರೆ ಅದಕ್ಕೆ ಒಂದು ತಿರುಪೂ ಇರಲಿಲ್ಲ. ಚಾಕುವಿನಿಂದ ಮೀಟಿದಾಗ ಮೈ ಒಡೆದು, ಒಳಗಿನ ಸ್ಪ್ರಿಂಗ್ ಚಿಮ್ಮಿ ಎಲ್ಲಿಯೋ ಬಿದ್ದಿತು. ಪ್ರಶ್ನೆಗೆ ಉತ್ತರ ಸಿಕ್ಕಿತು, ಆಟಿಕೆ ಹೋಯಿತು. ಹಾಗಾದರೆ ಹೊಟ್ಟೆಯೊಳಗಿನದೆಲ್ಲವೂ ಹೊರಗೇ ಕಾಣುವಂತಹ ಕಾರನ್ನು ನಾವೇ ಏಕೆ ಮಾಡಬಾರದೆಂದು ಅಂದು ಸಂಜೆಯೇ ಜಗುಲಿಯ ಮೇಲೆ ಕುಳಿತೆವು.

ಸ್ಪ್ರಿಂಗ್ ಎಂದರೆ ಉಕ್ಕಿನ ಸುರುಳಿಯೇ ಆಗಬೇಕೆಂದಿಲ್ಲ. ಬಗ್ಗಿಸಿದರೆ ಬಗ್ಗಿ, ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಮರಳುವ ವಸ್ತುವೆಲ್ಲ ಸ್ಪ್ರಿಂಗೇ. ಬಿದಿರು ಸೀಳಿ ಬುಟ್ಟಿ ಹೆಣೆದ ಮೇದಾರ ಕೇತಯ್ಯನವರ ಕಾಯಕವನ್ನು ಬಲ್ಲ ನಮ್ಮ ಮನೆಗಳಿಗೆ ಬಿದಿರಿನ ಈ ಗುಣ ಹೊಸದಲ್ಲ. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ 1678ರಲ್ಲಿ ಇದರ ನಿಯಮವನ್ನು ಪ್ರಕಟಿಸಿದನು. ಎಳೆದಷ್ಟೂ, ಒಂದು ಮಿತಿಯವರೆಗೆ, ಅದೇ ಪ್ರಮಾಣದಲ್ಲಿ ಮರಳಿ ಎಳೆಯುವ ಬಲವೂ ಹೆಚ್ಚುತ್ತದೆ. ಕೈ ಕೊಟ್ಟ ಶಕ್ತಿಯನ್ನು ದಬ್ಬೆ ಕೂಡಿಟ್ಟುಕೊಂಡು, ಬಿಟ್ಟಾಗ ಚಕ್ರಕ್ಕೆ ಕೊಡುತ್ತದೆ.

ಇನ್ನು ಮಾಡುವ ಕ್ರಮ. 25 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಎರಡು ರಟ್ಟುಗಳನ್ನು ಒಂದರ ಮೇಲೊಂದು ಅಂಟಿಸಿ ಒಣಗಿಸಬೇಕು. ಹಿಂದಿನ ಅಂಚಿನ ನಡುವೆ ಮೂರು ಬೆರಳಗಲದ ಕಚ್ಚು ಕತ್ತರಿಸಬೇಕು. ಸೈಕಲ್ ಚಕ್ರದ ಹಳೆಯ ಕಡ್ಡಿಯಿಂದ 12 ಸೆಂ.ಮೀ. ಉದ್ದದ ಎರಡು ತುಂಡು ಮಾಡಿದರೆ ಅವೇ ಅಚ್ಚುಗಳು. ಸವೆದ ಹವಾಯಿ ಚಪ್ಪಲಿಯ ಅಟ್ಟೆಯ ಮೇಲೆ ಡಬ್ಬಿಯ ಮುಚ್ಚಳವಿಟ್ಟು ಗೆರೆ ಎಳೆದು, 6 ಸೆಂ.ಮೀ. ಅಡ್ಡಳತೆಯ ನಾಲ್ಕು ಚಕ್ರಗಳನ್ನು ಕತ್ತರಿಸಿಕೊಳ್ಳಬೇಕು. ಕಡ್ಡಿ ಅದರೊಳಗೆ ಬಿಗಿಯಾಗಿ ಕೂರುತ್ತದೆ. ನೆಲದ ಮೇಲೆ ಜಾರುವುದೂ ಇಲ್ಲ. ಮುಗಿದ ಬಾಲ್‌ಪೆನ್ನಿನ ಕೊಳವೆಯ ತುಂಡುಗಳನ್ನು ರಟ್ಟಿನ ಅಡಿಯಲ್ಲಿ, ಪ್ರತಿ ಅಚ್ಚಿಗೆ ಎರಡರಂತೆ ಅಂಟಿಸಿ, ಅವುಗಳೊಳಗೆ ಅಚ್ಚು ತೂರಿಸಿದ ಮೇಲೆ ಚಕ್ರ ಹಾಕಬೇಕು. ಅಚ್ಚು ಸರಾಗವಾಗಿ ತಿರುಗದಿದ್ದರೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸಾಕು. ಹಿಂದಿನ ಅಚ್ಚು ಕಚ್ಚಿನ ನಡುವೆ ಬರಲಿ. ಅದರ ಮಧ್ಯಕ್ಕೆ ಅಂಟು ಹಚ್ಚಿದ ಕಾಗದವನ್ನು 4 ಮಿ.ಮೀ. ದಪ್ಪವಾಗುವಂತೆ ಸುತ್ತಿ, ಬಗ್ಗಿಸಿದ ಗುಂಡುಸೂಜಿಯೊಂದನ್ನು ಅದರ ತುದಿ ಮಾತ್ರ ಮೇಲೆದ್ದಿರುವಂತೆ ಕಟ್ಟಬೇಕು.

ಹಳೆಯ ತಡಿಕೆಯಿಂದ 25 ಸೆಂ.ಮೀ. ಉದ್ದ, ಒಂದು ಸೆಂ.ಮೀ. ಅಗಲದ ದಬ್ಬೆ ಸೀಳಿ, ತುದಿ ತೆಳ್ಳಗಾಗುವಂತೆ ಹೆರೆಯಬೇಕು. ಕಾರಿನ ಮುಂಭಾಗದಲ್ಲಿ ಸಣ್ಣ ಮರದ ತುಂಡು ಅಂಟಿಸಿ, ದಬ್ಬೆಯನ್ನು ಅದಕ್ಕೆ ನೆಟ್ಟಗೆ ಬಿಗಿಯಬೇಕು. ಬಿದಿರಿನ ನುಣುಪು ಸಿಪ್ಪೆ ಮುಂದಕ್ಕೆ ಮುಖ ಮಾಡಿರಲಿ. ಎಳೆತವನ್ನು ತಾಳುವ ನಾರು ಅಲ್ಲಿಯೇ ದಟ್ಟವಾಗಿರುತ್ತದೆ. ದಬ್ಬೆಯ ತುದಿಯಿಂದ ಹಿಂದಿನ ಅಚ್ಚಿಗೆ ಮುಟ್ಟುವಷ್ಟು ದಾರ ಕಟ್ಟಿ, ಅದರ ಕೊನೆಗೆ ಕುಣಿಕೆ ಹಾಕಿ ಸೂಜಿಗೆ ಸಿಕ್ಕಿಸಬೇಕು. ಕಾರನ್ನು ನೆಲಕ್ಕೊತ್ತಿ ಹಿಂದಕ್ಕೆ ಸರಿಸಿದರೆ ದಾರ ಸುತ್ತಿಕೊಂಡು ದಬ್ಬೆ ಬಾಗುತ್ತದೆ. ಕೈ ಬಿಟ್ಟರೆ ಕಾರು ಮುಂದಕ್ಕೋಡುತ್ತದೆ. ಸೀಳುವ, ಕತ್ತರಿಸುವ ಕೆಲಸ ಹಿರಿಯರದಾಗಲಿ. ಬಾಗಿದ ದಬ್ಬೆಯ ಮೇಲೆ ಮಕ್ಕಳು ಮುಖವಿಟ್ಟು ನೋಡದಿರಲಿ.

ಮೊದಲ ದಿನ ನಾವೊಂದು ತಪ್ಪು ಮಾಡಿದೆವು. ಭದ್ರವಾಗಿರಲೆಂದು ದಾರವನ್ನು ಅಚ್ಚಿಗೆ ಗಂಟು ಹಾಕಿದ್ದೆವು. ಕಾರು ಸ್ವಲ್ಪ ದೂರ ಓಡಿ, ದಾರ ಎದುರು ಬದಿಗೆ ಸುತ್ತಿಕೊಂಡು, ಗಕ್ಕನೆ ನಿಂತು ಹಿಂದಕ್ಕೆ ಬಂದಿತು. ಕಾರಣ ಕಂಡುಹಿಡಿದವನು ಮೊಮ್ಮಗನೇ: “ತಾತ, ದಾರ ಬಿಡ್ತಾನೇ ಇಲ್ಲ!” ಗಂಟು ಹೋಗಿ ಕುಣಿಕೆ ಬಂದದ್ದು ಹಾಗೆ. ಆಮೇಲೆ ಲೆಕ್ಕ ಹಾಕಿದೆವು. ಸುತ್ತಿದ ದಾರ 12 ಸೆಂ.ಮೀ.; ಅಚ್ಚಿನ ಒಂದು ಸುತ್ತಿಗೆ ಸುಮಾರು ಒಂದೂಕಾಲು ಸೆಂ.ಮೀ. ಎಂದರೆ ಒಂಬತ್ತೂವರೆ ಸುತ್ತು. ಚಕ್ರದ ಒಂದು ಸುತ್ತಿಗೆ 19 ಸೆಂ.ಮೀ. ಅಲ್ಲಿಗೆ ಸುಮಾರು ಆರಡಿ ದಬ್ಬೆಯ ಬಲದಿಂದ; ಅದರಾಚೆಗೆ ಓಟದ ವೇಗ ಒಯ್ದಷ್ಟು ದೂರ. ಗುಣಾಕಾರವೆಂದರೆ ಮುಖ ತಿರುಗಿಸುತ್ತಿದ್ದ ಹುಡುಗ ಸೀಮೆಸುಣ್ಣದಿಂದ ನಡುಮನೆಯ ನೆಲವನ್ನೆಲ್ಲ ಅಳೆದ.

ನಮಗೆ ದೂರವಲ್ಲದ ಚನ್ನಪಟ್ಟಣದಲ್ಲಿ ಮರವನ್ನು ಕಡೆದು, ಬಣ್ಣದ ಅರಗು ಹಚ್ಚಿ ಮಾಡುವ ಗೊಂಬೆಗಳಿಗೆ 2005–06ನೇ ಸಾಲಿನಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಅದು ನುರಿತ ಕೈಗಳ ಕಸುಬು. ಬಿಸಾಡಿದ ವಸ್ತುಗಳಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸಿದ ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಈ ದಾರಿ ಮಾತ್ರ ನುರಿಯದ ಕೈಗಳಿಗೂ ತೆರೆದಿದೆ.

ಊರಿಗೆ ಹೊರಡುವ ಹಿಂದಿನ ದಿನ ಮೊಮ್ಮಗ ಹುಮ್ಮಸ್ಸಿನಲ್ಲಿ ಮಿತಿ ಮೀರಿ ಸುತ್ತಿದ. ದಬ್ಬೆ ಲಟಕ್ಕೆಂದು ಮುರಿಯಿತು. ಹೊಸ ಕಾರು ಕೊಡಿಸೆಂದು ಅವನು ಕೇಳಲಿಲ್ಲ. ಹಿತ್ತಲಿಗೆ ಹೋಗಿ ತಡಿಕೆಯ ಇನ್ನೊಂದು ದಬ್ಬೆ ತಂದು, ಸೀಳಿಕೊಡಿರೆಂದು ನಮ್ಮ ಮುಂದೆ ಹಿಡಿದ. ಉಳಿದುದನ್ನು ಅವನೇ ಕಟ್ಟಿಕೊಂಡ. ಕೊಂಡ ಆಟಿಕೆ ಕೆಟ್ಟಾಗ ಮುಗಿಯುತ್ತದೆ. ಮಾಡಿದ ಆಟಿಕೆ ಕೆಟ್ಟಾಗ ಕೆಲಸ ಮತ್ತೆ ಆರಂಭವಾಗುತ್ತದೆ. ಓದುಗ ಬಂಧುಗಳು ಮುಂದಿನ ರಜೆಯಲ್ಲಿ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಬೇಕೆಂದು ನಮ್ಮ ಕೋರಿಕೆ.