ಈಚಲು: ದೋಷ ಮರದ್ದಲ್ಲ

ಈಚಲ ಮರದಡಿ ಕುಳಿತು ಮಜ್ಜಿಗೆ ಕುಡಿದರೂ ಅಪವಾದ ತಪ್ಪದೆಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಹೆಂಡದ ಸಂಗದಿಂದ ಮರವನ್ನೇ ಹೀಗಳೆದೆವು. ಹಳ್ಳದ ದಂಡೆಯಲ್ಲಿ, ಹೊಲದ ಬದುವಿನಲ್ಲಿ ಯಾರೂ ನೀರೆರೆಯದೆ ಬೆಳೆಯುವ ಇದರ ಗರಿಯಿಂದ ಚಾಪೆ, ಬುಟ್ಟಿ, ಕಸಬರಿಗೆಗಳಾಗುತ್ತವೆ. ಹಣ್ಣು ಖರ್ಜೂರದ ಬಂಧು; ತಿರುಳು ತೆಳುವಾದರೂ ಸಿಹಿ. ಗರಿಯ ಬುಡದ ಮುಳ್ಳು ಮಾತ್ರ ಕ್ರೂರ. ಕೀಲಿನ ಬಳಿ ಚುಚ್ಚಿ ತುದಿ ಒಳಗೇ ಮುರಿದುಳಿದರೆ ವಾರಗಟ್ಟಲೆ ಬಾವು ಇಳಿಯದಿರಬಹುದು. ವೈದ್ಯರಿಗೆ ತೋರಿಸುವುದೇ ಲೇಸು.

ಹೆಂಡವನ್ನು ನಿಂದಿಸುವ ಕೆಲವರು, ರಾತ್ರಿ ಇಳಿಸಿದ ಹಸಿ ರಸವನ್ನು ಹುಳಿಯದ ನೀರಾ ಎಂದು ಹೊಗಳುವುದುಂಟು. ಇದನ್ನು ನಾವು ಒಪ್ಪಲಾರೆವು. ಬಾಂಗ್ಲಾದೇಶದಲ್ಲಿ 2001ರಿಂದೀಚೆಗೆ ಚಳಿಗಾಲದಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ನಿಪಾ ರೋಗಕ್ಕೆ ಇದೇ ಮರದ ಹಸಿ ರಸ ಮುಖ್ಯ ದಾರಿಯಾಯಿತು. ಕೆತ್ತಿದ ಕಾಂಡವನ್ನು ನೆಕ್ಕಲು ಇರುಳಲ್ಲಿ ಬಾವಲಿಗಳು ಬರುತ್ತವೆ. ಅವುಗಳ ಜೊಲ್ಲು, ಮೂತ್ರ ಮಡಕೆ ಸೇರುತ್ತವೆ. ರಸದ ರುಚಿಯಾಗಲಿ ಬಣ್ಣವಾಗಲಿ ಅದನ್ನು ಹೇಳಿಕೊಡುವುದಿಲ್ಲ. ರೋಗ ತಗುಲಿದವರಲ್ಲಿ ನೂರಕ್ಕೆ 40ರಿಂದ 75 ಮಂದಿ ಅಸುನೀಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮಡಕೆಯ ಬಾಯಿಗೆ ಬಿದಿರಿನ ತಡಿಕೆ ಕಟ್ಟಿ ಬಾವಲಿಗಳನ್ನು ದೂರವಿಡುವ ಪದ್ಧತಿ ಅಲ್ಲಿದೆ. ಆದರೂ ಕುದಿಸದೆ ಕುಡಿಯುವುದು ಸಲ್ಲದು.

ಚೆನ್ನಾಗಿ ಕುದಿಸಿ ಬೆಲ್ಲವಾದ ಮೇಲೆ ಆ ಭಯವಿಲ್ಲ. ಬಂಗಾಳದ ಚಳಿಗಾಲದ ಸಿಹಿತಿನಿಸುಗಳಿಗೆ ಈ ಬೆಲ್ಲವೇ ಜೀವಾಳ. ಅದೂ ಸಕ್ಕರೆಯೇ ಆದುದರಿಂದ ಮಧುಮೇಹಿಗಳಿಗೆ ರಿಯಾಯಿತಿಯೇನೂ ಇಲ್ಲ. ಭಕ್ತರು ಬದುವಿನ ಈಚಲನ್ನು ಕಡಿಯದಿರಲಿ. ಮರದಡಿ ಬಿದ್ದ, ಹಲ್ಲಿನ ಗುರುತಿರುವ ಹಣ್ಣನ್ನು ಮಕ್ಕಳು ಆಯ್ದು ತಿನ್ನದಂತೆ ನೋಡಿಕೊಳ್ಳಲಿ.